ನೇಣಿನ ಮಾತಿಗೆ ಚಿಕ್ಕಮ್ಮನ ಉತ್ತರ

ಎಲ್ಲರಿಗೂ ನಮಸ್ಕಾರ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಹಾಗಾಗಿ ಬಾಯಲ್ಲೇ ಹೇಳುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ನಿನ್ನೆ ರಾತ್ರಿ ಭಾವನ ಮಗ ಗುಂಪಿನಲ್ಲಿ ಬರೆದದ್ದನ್ನು ಮೊಮ್ಮಗಳು ಓದಿ ಹೇಳಿದಳು. ಹೆಣ್ಣುಮಕ್ಕಳನ್ನು ಕೊಂದವನಿಗೆ ಕೋರ್ಟು ಯಾಕೆ, ಸಿಕ್ಕಲ್ಲೇ ನೇಣು ಹಾಕಿ ಎಂದು. ನೀವೆಲ್ಲ ಕೆಳಗೆ ಸಾಲಾಗಿ ಕೈ ಮುಗಿದಿದ್ದೀರಿ.

ಆ ಸಿಟ್ಟು ನನಗೂ ಗೊತ್ತು. 2020ರ ಮಾರ್ಚ್ 20ರಂದು, ದೆಹಲಿ ಬಸ್ಸಿನ ಆ ಹುಡುಗಿಯ ಪ್ರಕರಣದ ನಾಲ್ವರನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದರು ಎಂದು ಬೆಳಗಿನ ಸುದ್ದಿಯಲ್ಲಿ ಬಂದಾಗ ನಾನೂ ದೇವರ ಮುಂದೆ ತುಪ್ಪದ ದೀಪ ಹಚ್ಚಿದವಳೇ. ಅದಕ್ಕೆ ಇವತ್ತೂ ನಾಚಿಕೆಪಡುವುದಿಲ್ಲ.

ಆದರೆ ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಪಂಚನಾಮೆಗೆ, ಅಂದರೆ ಪೊಲೀಸರು ಸ್ಥಳದಲ್ಲಿ ಕಂಡದ್ದನ್ನು ಬರೆದ ಕಾಗದಕ್ಕೆ, ಸಾಕ್ಷಿಯಾಗಿ ಸಹಿ ಹಾಕಿದವನೇ ಕಟಕಟೆಯಲ್ಲಿ ನಿಂತು "ಖಾಲಿ ಕಾಗದಕ್ಕೆ ಸಹಿ ಮಾಡಿಸಿಕೊಂಡರು ಸ್ವಾಮಿ" ಎಂದದ್ದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ! ಮನೆಗೆ ಬಂದು ಅನ್ನ ಕಲಸುವಾಗಲೂ ಆ ಮಾತು ಕಿವಿಯಲ್ಲಿರುತ್ತಿತ್ತು.

ಮಹಾರಾಷ್ಟ್ರದ ಒಂದು ಪ್ರಕರಣ ಕೇಳಿ. 2003ರಲ್ಲಿ ಒಂದು ಕುಟುಂಬದ ಮೇಲೆ ದಾಳಿಯಾಗಿ ಐವರು ಸತ್ತರು, ಅತ್ಯಾಚಾರವೂ ನಡೆದಿತ್ತು. ಅಲೆಮಾರಿ ಸಮುದಾಯದ ಆರು ಜನರನ್ನು ಹಿಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಆರೂ ಜನರಿಗೆ ಗಲ್ಲು ಎಂದಿತು. ಹತ್ತು ವರ್ಷದ ನಂತರ, 2019ರಲ್ಲಿ, ಅದೇ ಸುಪ್ರೀಂ ಕೋರ್ಟು ಆರೂ ಜನ ನಿರಪರಾಧಿಗಳು ಎಂದು ಬಿಟ್ಟಿತು, ತಲಾ ಐದು ಲಕ್ಷ ಪರಿಹಾರವನ್ನೂ ಕೊಡಿಸಿತು. ಅಷ್ಟರಲ್ಲಿ ಅವರ ಹದಿನಾರು ವರ್ಷ ಜೈಲಿನಲ್ಲಿ ಹೋಗಿತ್ತು. ಅವರಲ್ಲೊಬ್ಬನಿಗೆ ಘಟನೆಯ ಹೊತ್ತಿಗೆ ಹದಿನೆಂಟೂ ತುಂಬಿರಲಿಲ್ಲ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಬದುಕುಳಿದ ಹೆಂಗಸು ಮೊದಲಿಗೆ ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದಳು. ಅವರ ಬೆನ್ನು ಯಾರೂ ಹತ್ತಲಿಲ್ಲ. ಹಿಡಿದವರನ್ನೇ ಅಪರಾಧಿ ಎಂದುಕೊಂಡು ಊರು ಸಮಾಧಾನಪಟ್ಟುಕೊಂಡರೆ, ನಿಜವಾಗಿ ಕೊಂದವನಿಗೆ ಅದಕ್ಕಿಂತ ಒಳ್ಳೆಯ ಜಾಮೀನು ಯಾವುದಪ್ಪಾ?

ಹಾಗಾದರೆ ಕ್ಷಮಿಸಿಬಿಡೋಣವೇ ಎನ್ನಬೇಡಿ. ನಮ್ಮ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣ ಹಿರಿಯರಿಗೆ ನೆನಪಿರಬಹುದು. ಹೆಂಡತಿಗೆ ಮತ್ತು ಬರಿಸಿ ಮನೆಯ ಅಂಗಳದಲ್ಲೇ ಹೂತು, ಏನೂ ಆಗದವನಂತೆ ಮೂರು ವರ್ಷ ಓಡಾಡಿಕೊಂಡಿದ್ದವನು. 2008ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಗಲ್ಲು ಕೊಡಲಿಲ್ಲ, ಉಸಿರಿರುವವರೆಗೂ ಜೈಲಿನಿಂದ ಬಿಡಕೂಡದು ಎಂದಿತು. ಸನ್ನಡತೆ, ಹದಿನಾಲ್ಕು ವರ್ಷ, ಸ್ವಾತಂತ್ರ್ಯ ದಿನದ ಬಿಡುಗಡೆ, ಯಾವುದೂ ಇಲ್ಲ. ನನಗೆ ಅಂಥ ಶಿಕ್ಷೆ ಸಾಕು. ಮುಂದೆ ತಪ್ಪು ಗೊತ್ತಾದರೆ ಬಾಗಿಲು ತೆಗೆಯಲಾದರೂ ಬರುತ್ತದೆ.

"ನಿಮ್ಮ ಮೊಮ್ಮಗಳಾಗಿದ್ದರೆ?" ಎಂದು ಕೇಳುತ್ತೀರಿ, ಗೊತ್ತು. ಅವಳು ಇಲ್ಲೇ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದಾಳೆ. ಆಗ ನನಗೆ ಕೊಂದವನೇ ಬೇಕು, ಅವನ ಬದಲು ಸಿಕ್ಕ ಇನ್ಯಾವನೋ ಅಲ್ಲ.