ಸಹಾಯ ಬೇಕು: ಬಚ್ಚಲ ಒಲೆಯ ಹೊಗೆಕೊಳವೆಗೆ ಯಾವ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಸೂಕ್ತ?

ಮಾನ್ಯರೇ,

ತೀರ್ಥಹಳ್ಳಿ ಸಮೀಪದ ನಮ್ಮ ಹೆಂಚಿನ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಗೆ 4 ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಕೊಳವೆಯನ್ನು ಅಳವಡಿಸಿದ್ದು, ಅದು ಎರಡು ಕಡೆ ತೊಂದರೆ ಕೊಡುತ್ತಿದೆ. ಒಲೆಯ ಹಿಂಬದಿಗೆ ಕೊಳವೆ ಸೇರುವಲ್ಲಿ ಮೆತ್ತಿದ್ದ ಸಿಮೆಂಟು, ಕಾದಾಗ ಹಿಗ್ಗಿ ಆರಿದಾಗ ಕುಗ್ಗುವ ಕೊಳವೆಯೊಂದಿಗೆ ಹೊಂದಿಕೊಳ್ಳಲಾರದೆ ಬಿರುಕು ಬಿಟ್ಟಿರುವುದರಿಂದ ಹೊಗೆಯೆಲ್ಲ ಬಚ್ಚಲಿನಲ್ಲೇ ಸುತ್ತುತ್ತದೆ. ಕೊಳವೆ ಹೆಂಚನ್ನು ದಾಟುವಲ್ಲಿ ಮಳೆನೀರು ಮಸಿಯೊಡನೆ ಬೆರೆತು ಗೋಡೆಗೆ ಇಳಿಯುತ್ತದೆ. ಅಂಗಡಿಯಲ್ಲಿ ಕೊಟ್ಟ ಸಾಧಾರಣ ಬಿಳಿ ಸಿಲಿಕೋನ್ ಕೆಳಗಿನ ಸಂದಿಯಲ್ಲಿ ಒಂದೇ ತಿಂಗಳಿಗೆ ಸುಟ್ಟು ಉದುರಿತು. ಅಜ್ಜಿ ಮೆತ್ತುತ್ತಿದ್ದ ಹುತ್ತದ ಮಣ್ಣು ಇದಕ್ಕಿಂತ ಹೆಚ್ಚು ದಿನ ಬಾಳುತ್ತಿತ್ತು.

ಕೆಂಪು ಬಣ್ಣದ ಹೈ ಟೆಂಪರೇಚರ್ ಸಿಲಿಕೋನ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಬೆಂಕಿಗೆ ಹತ್ತಿರವಾದ ಜಾಗಕ್ಕೆ 1000 ಡಿಗ್ರಿಯನ್ನೂ ತಡೆಯುವ ಫೈರ್ ಸಿಮೆಂಟ್ ಬೇಕು ಎಂದು ತಿಳಿದುಕೊಂಡಿದ್ದೇನೆ. ಹಾಗಾಗಿ ಕೆಳಗಿನ ಸಂದಿಗೆ ಫೈರ್ ಸಿಮೆಂಟ್ ತುಂಬಿ, ಮೇಲೆ ಹೆಂಚಿನ ಬಳಿ ಕೊಳವೆಯ ಸುತ್ತ ತಗಡಿನ ಕಾಲರ್ (ಪಟ್ಟಿ) ಕೂರಿಸಿ ಅದರ ಅಂಚಿಗೆ ಮಾತ್ರ ಕೆಂಪು ಸಿಲಿಕೋನ್ ಹಚ್ಚುವ ಯೋಚನೆ ಸರಿಯೇ? ಕೊಳವೆ ಹಿಗ್ಗಲು ಜಾಗವಿರುವಂತೆ ಮೊದಲು ಸೆರಾಮಿಕ್ ಫೈಬರ್ ಹಗ್ಗ (ಶಾಖ ತಾಳುವ ನಾರಿನ ಹಗ್ಗ) ಸುತ್ತಬೇಕೇ? ಈ ಸಾಮಗ್ರಿ ಶಿವಮೊಗ್ಗದಲ್ಲಿ ಒಂದೆರಡು ಕಿಲೋದಷ್ಟು ಚಿಲ್ಲರೆಯಾಗಿ ದೊರೆಯುವುದೇ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕಾಗಿ ಕೋರಿಕೆ.