ಪದ ಬೇಕು, ತುರ್ತು: ಯುರೇನಿಯಂ ‘ರಿಡಕ್ಷನ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಂಗ್‌ಗೆ ಹೋಗಬೇಕು.

ವಿಷಯ ಇದು. ಅಮೆರಿಕದ ಕೊಲರಾಡೊದಲ್ಲಿ ರೈಫಲ್ ಅಂತ ಊರು. ಅಲ್ಲಿ ಹಿಂದೆ ಯುರೇನಿಯಂ ಅದಿರಿನ ಕಾರ್ಖಾನೆ ಇತ್ತು. ಅದಿರಿನ ತ್ಯಾಜ್ಯ ಸಾಗಿಸಿದ ಮೇಲೂ ಅಂತರ್ಜಲದಲ್ಲಿ ಯುರೇನಿಯಂ ಉಳಿಯಿತು. 2002ರಲ್ಲಿ ವಿಜ್ಞಾನಿಗಳು ನೆಲದೊಳಕ್ಕೆ ಅಸಿಟೇಟ್ (ವಿನೆಗರ್ ಆಮ್ಲದ ಲವಣ) ಬಿಟ್ಟರು. ಮಣ್ಣಿನಲ್ಲೇ ಇದ್ದ ಜಿಯೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯಿತು. ನೀರಲ್ಲಿ ಕರಗಿದ್ದ ಯುರೇನಿಯಂ ಕರಗದ ರೂಪಕ್ಕೆ ತಿರುಗಿತು.

ಇದಕ್ಕೆ ಇಂಗ್ಲಿಷಿನಲ್ಲಿ ‘ರಿಡಕ್ಷನ್’ ಅನ್ನುತ್ತಾರೆ. ಅನುವಾದಕರು ‘ಯುರೇನಿಯಂ ಕಡಿಮೆ ಮಾಡುವ ಬ್ಯಾಕ್ಟೀರಿಯಾ’ ಅಂದಿದ್ದಾರೆ. ಆದರೆ ಯುರೇನಿಯಂ ಒಂದು ಚೂರೂ ಕಡಿಮೆ ಆಗಲ್ಲ. ನೀರು ಬಿಟ್ಟು ಮಣ್ಣಲ್ಲಿ ಕೂರುತ್ತೆ, ಅಷ್ಟೇ. ವಿಕಿರಣವೂ ಹಾಗೇ ಇರುತ್ತೆ. ‘ಅಪಕರ್ಷಣ’ ಗೊತ್ತು, ಆದರೆ ಮಕ್ಕಳು ಅಯಸ್ಕಾಂತದ ವಿಷಯ ಅಂದುಕೊಳ್ಳುತ್ತಾರೆ. ಬೇರೆ ಪದ ಇದೆಯಾ?

ಮರು:

ಅಪಕರ್ಷಣ. ಪಠ್ಯಪುಸ್ತಕದಲ್ಲಿದೆ. ಚರ್ಚೆ ಯಾಕೆ ಬೇಕು?

ಅಯಸ್ಕಾಂತದ್ದು ವಿಕರ್ಷಣ. ಉತ್ಕರ್ಷ ಅಂದರೆ ಏರಿಕೆ, ಅಪಕರ್ಷ ಅಂದರೆ ಇಳಿಕೆ. ಯುರೇನಿಯಂನ ಚಾರ್ಜ್ +6ರಿಂದ +4ಕ್ಕೆ ಇಳಿಯಿತು, ಅಲ್ವಾ? ಇಷ್ಟು ಚೆನ್ನಾಗಿ ಹೊಂದುವ ಪದ ಇಂಗ್ಲಿಷಿನಲ್ಲೂ ಇಲ್ಲ. ಅವರದ್ದು ಲ್ಯಾಟಿನ್ನಿನ ‘ಹಿಂದಕ್ಕೆ ಕರೆದೊಯ್ಯು’. ಅದಿರನ್ನು ಮತ್ತೆ ಲೋಹ ಮಾಡುತ್ತಿದ್ದ ಕಾಲದ್ದು.

ಮರು: ಮರು:

ಪಠ್ಯಪುಸ್ತಕದಲ್ಲಿರುವುದೆಲ್ಲ ಕನ್ನಡವಲ್ಲ ಮೇಷ್ಟ್ರೇ. ಹಳ್ಳಿಯ ಹುಡುಗನ ಬಾಯಲ್ಲಿ ‘ಅಪಕರ್ಷಣ’ ಹೊರಳಿಸಿ ನೋಡಿ. ಎಲೆಕ್ಟ್ರಾನ್ ಮೈನಸ್ ಚಾರ್ಜಿನ ಕಣ, ಅದಕ್ಕೆ ‘ಕಳೆಕಣ’ ಅನ್ನಿ. ರಿಡಕ್ಷನ್ ಅಂದರೆ ಅದನ್ನು ಪಡೆಯುವುದು, ಅದಕ್ಕೆ ‘ಕಳೆಗೂಡಿಕೆ’ ಅನ್ನಿ. ಕೂಡು, ಕಳೆ ಎಲ್ಲರಿಗೂ ಗೊತ್ತು.

ಮರು: ಮರು:

‘ಕಳೆ’ ಅಂದರೆ ಗದ್ದೆಯಲ್ಲಿ ಕೀಳುವುದು. ಇಲ್ಲವೇ ಮದುಮಗಳ ಮುಖದ ಮೇಲೆ ಇರುವುದು. ಕಳೆ ಕೂಡುತ್ತಂತೆ! ಸುಮ್ನೆ ಬಿಡಿ ಸ್ವಾಮಿ.

ಮರು:

ನಾನು ರಸಾಯನಶಾಸ್ತ್ರ ಪಾಠ ಮಾಡುವವಳು. ಮೊದಲು ಅಲ್ಲಿ ನಡೆಯುವುದೇನು ನೋಡಿ, ಪದ ಆಮೇಲೆ.

ಅಸಿಟೇಟ್ ಈ ಬ್ಯಾಕ್ಟೀರಿಯಾದ ಊಟ. ಊಟ ಅರಗಿದಾಗ ಎಲೆಕ್ಟ್ರಾನ್ ಮಿಗುತ್ತವೆ. ನಾವು ಅವನ್ನು ಆಮ್ಲಜನಕಕ್ಕೆ ದಾಟಿಸುತ್ತೇವೆ. ನೆಲದಡಿ ಆಮ್ಲಜನಕ ಇಲ್ಲ. ಆಗ ಇದು ತುಕ್ಕಿನ ಕಬ್ಬಿಣಕ್ಕೆ ಕೊಡುತ್ತೆ, ಯುರೇನಿಯಂ ಸಿಕ್ಕರೆ ಅದಕ್ಕೂ ಕೊಡುತ್ತೆ. ಎರಡು ಎಲೆಕ್ಟ್ರಾನ್ ಸೇರಿದರೆ +6 ಹೋಗಿ +4. ಹೀಗೆ ಆಗುತ್ತೆ ಅಂತ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು 1991ರಲ್ಲೇ ತೋರಿಸಿದರು. ಹಾಗಾಗಿ ‘ಯುರೇನಿಯಂ ತಿನ್ನುವ ಬ್ಯಾಕ್ಟೀರಿಯಾ’ ಅಂತ ಮಾತ್ರ ಶೀರ್ಷಿಕೆ ಕೊಡಬೇಡಿ. ಅದು ತಿನ್ನುವುದಲ್ಲ, ಉಸಿರಾಟ.

‘ಶುದ್ಧವಾಯಿತು’ ಅಂತಲೂ ಬೇಡ. ರೈಫಲ್‌ನಲ್ಲಿ ಆಮೇಲೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಜಾಸ್ತಿಯಾದವು, ಜಿಯೋಬ್ಯಾಕ್ಟರ್ ಇಳಿಯಿತು, ನೀರಲ್ಲಿ ಯುರೇನಿಯಂ ಮತ್ತೆ ಏರಿತು. ಆಮ್ಲಜನಕವೋ ನೈಟ್ರೇಟೋ ತಗುಲಿದರೆ ಕೂತದ್ದೂ ಮತ್ತೆ ಕರಗುತ್ತೆ.

ಮರು: ಮರು: ಮರು:

‘ಆಮ್ಲಜನಕ’ ಅಂದಿರಲ್ಲ ಮೇಡಂ, ಅದೂ ಎರವಲೇ. ಆಮ್ಲಗಳನ್ನು ಹುಟ್ಟಿಸುವುದು ಇದೇ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ತಪ್ಪು ತಿಳಿದು ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಎಲ್ಲಿದೆ? ಅವನ ತಪ್ಪನ್ನು ಸಂಸ್ಕೃತದಲ್ಲಿ ಹೊತ್ತು ತಿರುಗುತ್ತಿದ್ದೇವೆ. ಕನ್ನಡ ಪದ ಕಟ್ಟಿದರೆ ಮಾತ್ರ ನಗು ಬರುತ್ತೆ.

ಮರು: ಮರು: ಮರು: ಮರು:

ಹಾಗಾದರೆ ‘ಯುರೇನಿಯಂ’ಗೂ ಒಂದು ಕಟ್ಟಿ. ಕಾಯುತ್ತೇವೆ.

ಮರು:

ದಯವಿಟ್ಟು ಜಗಳ ಬೇರೆ ಎಳೆಯಲ್ಲಿ ಮಾಡಿ, ಪ್ರಿಂಟರ್‌ನವರು ಎರಡು ಸಲ ಫೋನ್ ಮಾಡಿದರು. ಮೇಡಂ, ಉಪಕಾರವಾಯಿತು. ಹೀಗೆ ಕಳಿಸುತ್ತಿದ್ದೇನೆ:

‘ಈ ಬ್ಯಾಕ್ಟೀರಿಯಾ ಉಸಿರಾಡುವಾಗ ಯುರೇನಿಯಂಗೆ ಎಲೆಕ್ಟ್ರಾನ್ ಕೊಡುತ್ತದೆ. ಆಗ ಯುರೇನಿಯಂ ನೀರಲ್ಲಿ ಕರಗದ ರೂಪಕ್ಕೆ ಇಳಿಯುತ್ತದೆ. ಇದಕ್ಕೆ ಅಪಕರ್ಷಣ ಎನ್ನುತ್ತಾರೆ. ಯುರೇನಿಯಂ ನೆಲದಲ್ಲೇ ಇರುತ್ತದೆ. ಪರಿಸ್ಥಿತಿ ಬದಲಾದರೆ ಮತ್ತೆ ಕರಗಬಹುದು.’

ಮರು:

‘ಇಳಿಯುತ್ತದೆ’ ಸರಿ. ‘ಪರಿಸ್ಥಿತಿ’ ಯಾಕೆ? ‘ಗಾಳಿ ತಗುಲಿದರೆ’ ಅಂತ ಹಾಕಿ.