ಪಾರ್ಕ್ ಕನೆಕ್ಟರಲ್ಲಿ ಅಮ್ಮನಿಗೆ ಇ-ಸ್ಕೂಟರ್ ತಾಗ್ತು, ತಪ್ಪು ಯಾರದ್ದು?

ಪ್ರಶ್ನೆ (ಪುಂಗೋಲ್, ಸಿಂಗಪುರ):
ನಮಸ್ಕಾರ ಸರ್. ದಾವಣಗೆರೆಯಿಂದ ಅಮ್ಮ ಬಂದಿದಾರೆ, 68 ವರ್ಷ, ದಿನಾ ಸಂಜೆ ನೀರಿನ ಪಕ್ಕದ ಪಾರ್ಕ್ ಕನೆಕ್ಟರಲ್ಲಿ (ಒಂದು ಪಾರ್ಕಿಂದ ಇನ್ನೊಂದಕ್ಕೆ ನಡೆದು, ಸೈಕಲ್ಲಲ್ಲಿ ಹೋಗೋ ದಾರಿ) ವಾಕಿಂಗ್ ಮಾಡ್ತೀವಿ. ಮೊನ್ನೆ ಬೆನ್ನ ಹಿಂದೇನೇ ಒಂದು ಇ-ಸ್ಕೂಟರ್ (ನಿಂತ್ಕೊಂಡು ಓಡಿಸೋ ಥರದ್ದು) ಟ್ರಿಣ್ ಅಂತು, ಅಮ್ಮ ಗಾಬರಿ ಬಿದ್ದು ತಿರುಗಿ ನೋಡ್ತಾ ಬಲಕ್ಕೆ ಸರಿದ್ರು, ಅದನ್ನ ಓಡಿಸ್ತಿದ್ದೋನೂ ಬಲಗಡೆಯಿಂದಾನೇ ಮುಂದೆ ಹೋಗೋನಿದ್ದ, ಹ್ಯಾಂಡಲ್ ಮೊಣಕೈಗೆ ತಾಗಿ ಅಮ್ಮ ಅಲ್ಲೇ ಕುಸಿದು ಕೂತ್ರು. ಪುಣ್ಯಕ್ಕೆ ತರಚಿದ್ದಷ್ಟೆ. ಸಾರಿ ಕೇಳ್ದ, ಜೊತೆಗೆ "ಬೆಲ್ ಹೊಡೆದಿದ್ನಲ್ಲ" ಅಂತಾನೂ ಅಂದ. ಈ ಇ-ಸ್ಕೂಟರೆಲ್ಲ ಇಲ್ಲಿ 2019ರಲ್ಲೇ ಬ್ಯಾನ್ ಆಗಿತ್ತಲ್ವಾ?

ಉತ್ತರ (ರಸ್ತೆ ಸುರಕ್ಷತೆ ಇಂಜಿನಿಯರ್):
ಮೇಡಂ, ಮೊದಲು ಅಮ್ಮನಿಗೆ ಕೈ ಪೂರ್ತಿ ಚಾಚೋಕೆ ಆಗುತ್ತಾ, ಸೊಂಟ ನೋಯುತ್ತಾ ನೋಡಿ. ನಾನು ಡಾಕ್ಟರಲ್ಲ, ಆದ್ರೂ ಈ ವಯಸ್ಸಲ್ಲಿ ನೋವಿದ್ರೆ ಎಕ್ಸ್-ರೇ ತೆಗೆಸಿಬಿಡೋದೇ ವಾಸಿ.

2019ರ ನವೆಂಬರ್ 5ರಿಂದ ಬ್ಯಾನ್ ಆಗಿದ್ದು ಫುಟ್‌ಪಾತ್ ಮೇಲೆ ಮಾತ್ರ. ಸೈಕ್ಲಿಂಗ್ ಪಾತ್, ಪಾರ್ಕ್ ಕನೆಕ್ಟರಲ್ಲಿ ಈಗಲೂ ಗಂಟೆಗೆ 25 ಕಿಮೀವರೆಗೆ ಓಡಿಸ್ಬಹುದು. ಗಾಡಿ 20 ಕೆಜಿ ಮೀರಬಾರ್ದು, ರಿಜಿಸ್ಟರ್ ಆಗಿರ್ಬೇಕು, ಬೆಂಕಿ ಸುರಕ್ಷತೆಗೆ ಯುಎಲ್2272 ಅನ್ನೋ ಸರ್ಟಿಫಿಕೇಟ್ ಇರ್ಬೇಕು, ಓಡಿಸೋರು ಥಿಯರಿ ಟೆಸ್ಟ್ ಪಾಸಾಗಿರ್ಬೇಕು. ಅವನ ಹತ್ರ ಇದೆಲ್ಲ ಸರಿ ಇದ್ದಿರಬಹುದು, ಆದ್ರೂ ನನ್ನ ಲೆಕ್ಕದಲ್ಲಿ ತಪ್ಪು ಅವನದ್ದೇ. ಬೆಲ್ ಇರೋದು ದೂರದಿಂದ ಹೊಡೆಯೋಕೆ, ಬೆನ್ನಿಗೆ ಬಂದು ಹೊಡೆದ್ರೆ ಯಾರಾದ್ರೂ ಬೆಚ್ಚಿ ತಿರುಗ್ತಾರೆ, ತಿರುಗಿದ ಕಡೆಗೇ ಕಾಲೂ ಹೋಗುತ್ತೆ, ಅದು ವಯಸ್ಸಿನ ದೋಷ ಅಲ್ಲ.

ಕಾಮೆಂಟ್:
ಸರ್ ನಾನೂ ಆಫೀಸಿಗೆ ಇ-ಸ್ಕೂಟರಲ್ಲೇ ಹೋಗೋದು, 25 ಲೀಗಲ್ ಅಂದ್ಮೇಲೆ 25ರಲ್ಲಿ ಹೋಗೋದ್ರಲ್ಲಿ ತಪ್ಪೇನು? ಸೈಕಲ್‌ನವರು ಅದಕ್ಕಿಂತ ಜೋರಾಗಿ ಹೋಗ್ತಾರಪ್ಪ.

ಉತ್ತರ:
ಸೈಕಲ್‌ನವರದ್ದು ನಿಜ, ಅದರ ಜಗಳ ಬೇರೆ ದಿನ ಆಡೋಣ 😄. ಲೆಕ್ಕ ನೋಡಿ, 25ರಲ್ಲಿ ಸೆಕೆಂಡಿಗೆ ಸುಮಾರು 7 ಮೀಟರ್ ಹೋಗ್ತೀರ. ಎದುರಿಗಿರೋರನ್ನ ಕಂಡು ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್, ಆಮೇಲೆ ನಿಲ್ಲೋಕೆ ಇನ್ನೊಂದು 8 ಮೀಟರ್, ಒಟ್ಟು 15, ಅಂದ್ರೆ ನಮ್ಮೂರ ಉದ್ದನೆ ಬಿಎಂಟಿಸಿ ಬಸ್ಸಿಗಿಂತ ಜಾಸ್ತಿ. 12ಕ್ಕೆ ಇಳಿಸಿದ್ರೆ ಐದಾರು ಮೀಟರಲ್ಲಿ ನಿಲ್ಲುತ್ತೆ. ಇನ್ನು ಚಕ್ರ, ಸೈಕಲ್ ಚಕ್ರ ಸಲೀಸಾಗಿ ಹತ್ತಿ ಇಳಿಯೋ ಮರದ ಬೇರಿಗೆ ನಿಮ್ಮ ಎಂಟು ಹತ್ತು ಇಂಚಿನ ಚಕ್ರ ತಟ್ಟಂತ ನಿಲ್ಲುತ್ತೆ, ನೀವು ನಿಂತ್ಕೊಂಡೇ ಓಡಿಸೋದ್ರಿಂದ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಮುಗ್ಗರಿಸ್ತೀರ. ಹೆಲ್ಮೆಟ್ ಹಾಕ್ಕೊಳಿ, ಸಿಗ್ನಲ್ ಕೊಡೋಕೆ ಅಂತ ಒಂದು ಕೈ ಬಿಡ್ಬೇಡಿ, ಗಾಡಿ ವಾಲುತ್ತೆ. ಜನ ಕಂಡ್ರೆ ಇಪ್ಪತ್ತು ಮೀಟರ್ ದೂರದಿಂದಾನೇ ಬೆಲ್ ಹೊಡೆದು ಸ್ಲೋ ಮಾಡಿ. ಅವರಿಗೆ ಕೇಳಿಸಿದ್ದು ಗ್ಯಾರಂಟಿ ಆದ್ಮೇಲೇನೇ ಪಕ್ಕ ಹೋಗಿ. ಮಗು, ನಾಯಿ ಇದ್ರೆ ನಡೆಯೋ ಸ್ಪೀಡಿಗೇ ಬನ್ನಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್, ಅಮ್ಮ ಕೈ ಚೆನ್ನಾಗೇ ಆಡಿಸ್ತಿದಾರೆ. ಈಗ ಬೆಲ್ ಕೇಳಿದ್ರೆ ಅಲ್ಲೇ ಕಂಬದ ಥರ ನಿಂತ್ಬಿಡ್ತಾರೆ, ಅದು ಸರೀನಾ?

ಉತ್ತರ:
ನಿಲ್ಲೋದು ಪರ್ವಾಗಿಲ್ಲ, ಪಕ್ಕಕ್ಕೆ ಹಾರದೇ ಇದ್ರೆ ಸಾಕು. ಎಡದ ಅಂಚು ಹಿಡಿದು ನೇರ ನಡೀತಾ ಇದ್ರೆ ಇನ್ನೂ ಒಳ್ಳೇದು, ನೀವು ಅವರ ಬಲಗಡೆ ನಡೀರಿ. ಮತ್ತೆ ಯಾರಾದ್ರೂ ತಾಗಿಸಿ ಗಾಯ ಮಾಡಿದ್ರೆ ಸಾರಿ ಅಂದ ಕೂಡ್ಲೇ ಬಿಟ್ಟು ಕಳಿಸ್ಬೇಡಿ, ನಿಂತು ತನ್ನ ವಿವರ ಕೊಡೋದು ಇಲ್ಲಿ ಕಾನೂನು.